ಗಂಟೆ ಬೆಂಚಿನಲ್ಲಿ ನನ್ನ ಪಟ್ಟಾಭಿಷೇಕ

ಆ ಶುಕ್ರವಾರ ಬೆಳಿಗ್ಗೆ ಗಡ್ಡ ಕೆರೆಯುತ್ತ, ಕನ್ನಡಿಯಲ್ಲಿ ಕಾಣುತ್ತಿದ್ದ ಮಹಾಪುರುಷನಿಗೆ ಮಾತು ಕೊಟ್ಟೆ. "ವಿಲ್ಮರ್, ಈ ರಾತ್ರಿ ನೀನು ಗಂಟೆ ಬೆಂಚಿನ ಮೇಲೆ ಕೂರುತ್ತೀಯ. ನಮ್ಮ ಕಾಲಿ ಶಹರದ ಸಾಲ್ಸಾ ಸಂಗೀತದ ಚರಿತ್ರೆ ಇನ್ನು ಎರಡು ಭಾಗ: ವಿಲ್ಮರ್‌ಗಿಂತ ಮೊದಲು, ವಿಲ್ಮರ್ ಆದಮೇಲೆ!"

ಗಂಟೆ ಬೆಂಚು ಎಂದರೆ ನಮ್ಮ ಬಡಾವಣೆಯ ಕ್ಲಬ್ಬಿನಲ್ಲಿ ವೇದಿಕೆಗೆ ತಾಗಿಕೊಂಡಿರುವ ಹಳೇ ಮರದ ಬೆಂಚು. ನಮ್ಮೂರಲ್ಲಿ ಬ್ಯಾಂಡ್ ಕೇಳಲು ಬರಿಗೈಯಲ್ಲಿ ಹೋಗುವುದು ಯಾರಿಗೂ ಶೋಭೆಯಲ್ಲ. ಕೆಲವರು ಮನೆಯಿಂದ ಗಿಲಕಿ ತರುತ್ತಾರೆ, ಕೆಲವರು ನಾಲಗೆಯಿಲ್ಲದ ಕಬ್ಬಿಣದ ಗಂಟೆ ತಂದು ಕೋಲಿನಿಂದ ಬಡಿಯುತ್ತಾರೆ. ಆದರೆ ಬೆಂಚಿನಲ್ಲಿ ಕೂತು ಬ್ಯಾಂಡಿಗೆ ಸರಿಸಮನಾಗಿ ಬಡಿಯುವ ಹಕ್ಕು ಆರೇ ಜನರಿಗೆ. ತಾಳ ತಪ್ಪಿದವನನ್ನು ಅಲ್ಲಿ ಯಾರೂ ಬೈಯುವುದಿಲ್ಲ. ಹಿರಿಯರಾದ ದೋನ್ ಎವೆಲಿಯೋ ಮೆಲ್ಲಗೆ ಕೈ ಚಾಚಿ ಅವನ ಗಂಟೆಯನ್ನು ಮುಚ್ಚುತ್ತಾರೆ, ಅಷ್ಟೇ. ಆಮೇಲೆ ಆ ಮನುಷ್ಯ ಬೇರೆ ಬಡಾವಣೆಯಲ್ಲಿ ಬಾಡಿಗೆ ಮನೆ ನೋಡಿಕೊಳ್ಳುವುದು ವಾಸಿ.

ಎಂಟು ವರ್ಷದಿಂದ ಆ ಬೆಂಚಿನ ಮೇಲೆ ಕಣ್ಣಿಟ್ಟಿದ್ದೆ. ಆರು ಜನರಲ್ಲಿ ಒಬ್ಬರು ಊರು ಬಿಟ್ಟು ಹೋದದ್ದರಿಂದ ಒಂದು ಜಾಗ ತೆರವಾಗಿತ್ತು. ಫ್ರಿಜ್ ರಿಪೇರಿ ಮಾಡಿಕೊಂಡಿರುವ ಈ ಬಡಪಾಯಿಯನ್ನು ದೋನ್ ಎವೆಲಿಯೋ ತಾವಾಗಿ ಕರೆದು, ಶುಕ್ರವಾರ ಬಂದು ಒಂದು ಹಾಡಿಗೆ ಬಡಿದು ತೋರಿಸು ಎಂದಿದ್ದರು. ತಪ್ಪದೆ ಮುಗಿಸಿದರೆ ಜಾಗ ನನ್ನದು.

ನನ್ನ ಹೆಂಡತಿ ನೂಬಿಯಾಗೆ ಮಾತ್ರ ಈ ಸುದ್ದಿ ಅಷ್ಟೇನೂ ರುಚಿಸಲಿಲ್ಲ. ಅವಳು ಕುಣಿಯುವವಳು. ಮದುವೆಯ ಹೊಸದರಲ್ಲಿ ರಾತ್ರಿಯಿಡೀ ಜೊತೆಗೆ ಕುಣಿಯುತ್ತಿದ್ದ ಗಂಡ, ಗಂಟೆ ಹಿಡಿದ ಮೇಲೆ ಲೈಟು ಕಂಬದ ಹಾಗೆ ನಿಂತುಬಿಡುತ್ತಾನೆಂಬುದು ಅವಳ ದೂರು.

"ಒಂದೇ ಹಾಡು ಕಣೋ ಮಾರಾಯ," ಅಂದಳು. "ಆಮೇಲೆ ಕ್ಲಬ್ಬು ಮುಚ್ಚೋವರೆಗೂ ನನ್ನ ಜೊತೆ ಕುಣೀಬೇಕು. ಹೊಸ ಚಪ್ಪಲಿ ತಗೊಂಡಿದೀನಿ."

ಬಸ್ಸಿನಲ್ಲಿ ಗಂಟೆ ಸದ್ದು ಮಾಡಬಾರದೆಂದು ಟವೆಲಿನಲ್ಲಿ ಸುತ್ತಿ, ಅವಳ ಕುಣಿಯುವ ಚಪ್ಪಲಿಗಳಿದ್ದ ಚೀಲದಲ್ಲೇ ಇಟ್ಟೆ. ಕ್ಲಬ್ಬಿಗೆ ಹೋಗಿ, ನೂಬಿಯಾ ಗೆಳತಿಯರನ್ನು ಮಾತಾಡಿಸಲು ಆಚೆ ಹೋದಾಗ, ರಾಜಗಾಂಭೀರ್ಯದಿಂದ ಬೆಂಚಿನ ಮುಂದೆ ನಿಂತು ಚೀಲ ಬಿಚ್ಚಿದೆ. ಗಂಟೆ ಇತ್ತು. ಕೋಲು ಮನೆಯಲ್ಲಿ ಫ್ರಿಜ್ಜಿನ ಮೇಲೆ ಉಳಿದಿತ್ತು!

ಯಾರ ಹತ್ತಿರವಾದರೂ ಕೋಲು ಕೇಳಬಹುದಿತ್ತು. ಆದರೆ ಸಿಂಹಾಸನ ಏರಲು ಬಂದವನು ಪಕ್ಕದವರ ಹತ್ತಿರ ಕಿರೀಟ ಸಾಲ ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ? ಅಷ್ಟರಲ್ಲಿ ಪಿಯಾನೋ ಶುರುವಾಯಿತು. ಚೀಲಕ್ಕೆ ಮತ್ತೆ ಕೈ ಹಾಕಿದೆ. ಬೆಳ್ಳಿ ಬಣ್ಣದ ಹೊಸ ಚಪ್ಪಲಿ ಸಿಕ್ಕಿತು. ಹೀಲ್ಸ್ ನಾಲ್ಕು ಬೆರಳು ಎತ್ತರ, ಒಳ್ಳೇ ಗಟ್ಟಿ ಮರದ್ದು. ದೇವರು ದೊಡ್ಡವನು ಅಂದುಕೊಂಡು ಚಪ್ಪಲಿಯನ್ನು ತಿರುಗಿಸಿ ಹಿಡಿದು ಬಡಿಯತೊಡಗಿದೆ.

ಆಹಾ, ಏನು ನಾದ! ಸೋಂಪಿನ ಸಾರಾಯಿಯ ಲೋಟ ಹಿಡಿದವರೆಲ್ಲ ನನ್ನ ಕಡೆಗೇ ತಿರುಗಿದರು. ಬೆಂಚಿನ ಐವರೂ ನನ್ನನ್ನೇ ನೋಡುತ್ತಿದ್ದರು. ದೋನ್ ಎವೆಲಿಯೋ ಮೆಲ್ಲಗೆ ನನ್ನತ್ತ ಕೈ ಚಾಚಿದರು. ಇನ್ನೂ ಹಾಡು ಅರ್ಧವಾಗಿಲ್ಲ, ಆಗಲೇ ಕೈ ಕುಲುಕಲು ಬರುತ್ತಿದ್ದಾರೆ, ನೋಡಿ ನನ್ನ ಯೋಗ್ಯತೆ ಎಂದು ಹುರುಪೇರಿ ಇನ್ನಷ್ಟು ಜೋರಾಗಿ ಬಡಿದೆ. ಲಟಕ್!

ಹೀಲ್ಸ್ ಮುರಿದು ಹಾರಿತು. ಹಾರಿದ್ದು ನೆಲಕ್ಕಾದರೂ ಬಿತ್ತೇ? ನೆಟ್ಟಗೆ ಟ್ರೊಂಬೋನಿನ ಅಗಲ ಬಾಯೊಳಗೆ ಹೋಗಿ ಕೂತಿತು. ಊದುತ್ತಿದ್ದ ದಡೂತಿ ಮನುಷ್ಯನ ಕೆನ್ನೆಗಳು ಇನ್ನಷ್ಟು ಊದಿಕೊಂಡವು, ವಾದ್ಯದಿಂದ ಹಸಿದ ಕರುವಿನ ಕೂಗು ಹೊರಟಿತು, ಹಾಡು ನಿಂತೇಹೋಯಿತು. ಆ ಕ್ಲಬ್ಬಿನಲ್ಲಿ ಕರೆಂಟು ಹೋದಾಗಲೂ ಹಾಡು ನಿಂತದ್ದಿಲ್ಲ. ನಾನು ಕೈಯಲ್ಲಿ ಬೋಳು ಚಪ್ಪಲಿ ಹಿಡಿದು ಬೆವರುತ್ತ ನಿಂತೆ.

ಗುಂಪು ಸೀಳಿಕೊಂಡು ನೂಬಿಯಾ ಬಂದಳು. ಚಪ್ಪಲಿಯನ್ನು ನೋಡಿದಳು, ಟ್ರೊಂಬೋನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಕುಣಿಯೋ ಭಾಗ್ಯ ಅಂತೂ ಹೋಯ್ತು," ಅಂದಳು. "ಸರಿ ಆಕಡೆ. ಆ ಗಂಟೆ ಕೊಡು ಇಲ್ಲಿ."

ದೋನ್ ಎವೆಲಿಯೋ ತಮ್ಮ ಇನ್ನೊಂದು ಕೋಲನ್ನು ಅವಳಿಗೆ ಕೊಟ್ಟರು. ಟ್ರೊಂಬೋನನ್ನು ಕೊಡವಿ ಹೀಲ್ಸ್ ತೆಗೆದದ್ದಾಯಿತು, ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ನೂಬಿಯಾ ಗಂಟೆಯನ್ನು ಅಂಗೈಯಲ್ಲಿ ಹಿಡಿದು ಬಡಿದಳು ನೋಡಿ! ಅವಸರವಿಲ್ಲ, ಆಡಂಬರವಿಲ್ಲ. ಒಂದೊಂದು ಪೆಟ್ಟೂ ಡೋಲು ಎಲ್ಲಿ ಬೇಕೆನ್ನುತ್ತಿತ್ತೋ ಅಲ್ಲೇ ಬೀಳುತ್ತಿತ್ತು. ಕುಣಿಯುವವರ ಕಾಲುಗಳು ಅವಳ ಮಾತು ಕೇಳತೊಡಗಿದವು. ಗಾಯಕ ತಿರುಗಿ ನೋಡಿ ನಕ್ಕ. ದೋನ್ ಎವೆಲಿಯೋ ಕೈ ಎತ್ತಿದಾಗ, ಇವಳ ಗಂಟೆಯನ್ನೂ ಮುಚ್ಚಿಬಿಡುತ್ತಾರೆ ಅಂದುಕೊಂಡೆ. ಆದರೆ ಆ ಕೈ ಅವಳ ಗಂಟೆಯ ತಂಟೆಗೆ ಹೋಗಲೇ ಇಲ್ಲ. ಬೆಂಚಿನ ತೆರವು ಜಾಗವನ್ನು ಎರಡು ಸಲ ತಟ್ಟಿತು. ನೂಬಿಯಾ ಬಡಿಯುತ್ತಲೇ ಕೂತಳು.

ನನ್ನ ಎಂಟು ವರ್ಷದ ಕನಸು ಕಣ್ಣೆದುರೇ ಬೇರೆಯವರ ಪಾಲಾಯಿತು, ನಿಜ. ಆದರೆ ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚು ಬರಲಿಲ್ಲ. ಹೆಮ್ಮೆಯಾಯಿತು. ಪಕ್ಕದಲ್ಲಿ ನಿಂತವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ಅವಳು ನನ್ನ ಹೆಂಡತಿ ಎಂದು ಹೇಳಿದ್ದೇ ಹೇಳಿದ್ದು.

ಹಾಡು ಮುಗಿದಾಗ ದೋನ್ ಎವೆಲಿಯೋ ಕೇಳಿದರು, "ಯಾರ ಹತ್ರ ಕಲಿತೆ ಮಗಳೇ?"

"ಇವನ ಹತ್ರಾನೇ," ಎಂದು ನೂಬಿಯಾ ನನ್ನತ್ತ ಬೆರಳು ತೋರಿಸಿದಳು. ಇಡೀ ಕ್ಲಬ್ಬು ನನ್ನನ್ನು ನೋಡಿತು. ನನ್ನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

"ಎಂಟು ವರ್ಷದಿಂದ ದಿನಾ ಮನೇಲಿ ಬಡೀತಾನೆ," ಅಂದಳು ನನ್ನ ಧರ್ಮಪತ್ನಿ. "ಇವನು ಬಡಿಯೋ ಜಾಗ ಬಿಟ್ಟು ಬಡಿದ್ರೆ ಸರಿಯಾಗುತ್ತೆ."

ಕ್ಲಬ್ಬು ಹೋ ಎಂದು ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ದೋನ್ ಎವೆಲಿಯೋ ಮೆಲ್ಲಗೆ ಕೈ ಚಾಚಿ ನನ್ನ ಎರಡೂ ಕೈಗಳನ್ನು ಮುಚ್ಚಿದರು.