ಸತ್ತವರಿಗೆ ಕೇಳಿಸುತ್ತದೆಯೇ, ಬಾಯಮ್ಮ?

ಮೂವತ್ತು ವರ್ಷ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು ನಾನು. ಮನುಷ್ಯ ಸಾಯುವವರೆಗಿನ ಯಾವ ಪ್ರಶ್ನೆಗೂ ಉತ್ತರ ಕೊಟ್ಟೇನು. ಆದರೆ ನಿವೃತ್ತಳಾದ ಮೇಲೆ ನಮ್ಮ ಇಗರ್ಜಿಯವರು, ಅಂದರೆ ಚರ್ಚಿನವರು, ನನ್ನನ್ನು ವಾಮಂಜೂರಿನ ಗದ್ದೆಯಂಚಿನ ಮನೆಗಳ ವಾರ್ಡಿಗೆ ಗುರಿಕಾರಳನ್ನಾಗಿ, ಎಂದರೆ ಮುಖ್ಯಸ್ಥೆಯನ್ನಾಗಿ, ಮಾಡಿದರು. ಅಲ್ಲಿ ಎಲ್ಲರಿಗೂ ನಾನು ಬಾಯಿ, ಇಲ್ಲವೇ ಬಾಯಮ್ಮ. ವಾರ್ಡಿನವರ ಸಂಶಯಗಳು ಫಾದರ್ ಹತ್ತಿರ ಹೋಗುವ ಮೊದಲು ಗುರಿಕಾರರ ಜಗಲಿಗೆ ಬರುತ್ತವೆ. ನಮ್ಮವರ ಸಂಶಯಗಳೆಲ್ಲ ಶುರುವಾಗುವುದೇ ಸತ್ತ ಮೇಲೆ. ಹಾಗಾಗಿ ನನ್ನ ಜಗಲಿಯಲ್ಲಿ ಇಂಥದ್ದು ನಡೆಯದ ತಿಂಗಳೇ ಇಲ್ಲ.

ತುರಿಯುವ ಶಬ್ದ

ಹೊಸ ಮನೆ ಕೊಂಡ ಗಂಡಹೆಂಡತಿ ಒಂದು ದಿನ ಬಂದರು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಅಡುಗೆಮನೆಯಲ್ಲಿ ಯಾರೋ ತೆಂಗಿನಕಾಯಿ ತುರಿಯುತ್ತಾರಂತೆ. ಹೋಗಿ ನೋಡಿದರೆ ಯಾರೂ ಇಲ್ಲ. ಪವಿತ್ರ ಜಲವನ್ನು ನಾವೇ ಚಿಮುಕಿಸಬಹುದಾ, ಪಾದ್ರಿಗಳೇ ಬರಬೇಕಾ ಎನ್ನುವುದು ಪ್ರಶ್ನೆ. ನಂಬಿಕೆ ಇದ್ದರೆ ಯಾರು ಚಿಮುಕಿಸಿದರೂ ಆಗುತ್ತದೆ ಎಂದೆ. ಹಾಗಾದರೆ ನೀವೇ ಬನ್ನಿ ಎಂದರು. ಹೋದೆ, ಮೂಲೆ ಮೂಲೆಗೂ ಚಿಮುಕಿಸಿ ಪ್ರಾರ್ಥನೆ ಮಾಡಿ ಬಂದೆ. ಅವರ ಮನೆಯಲ್ಲಿ ಶಬ್ದ ನಿಂತಿತು.

ಮರುದಿನ ಮೂರಕ್ಕೆ ನಮ್ಮ ಅಡುಗೆಮನೆಯಲ್ಲಿ ತುರಿಯುವ ಶಬ್ದ. ನಾನು ಪವಿತ್ರ ಜಲದ ಬಾಟಲಿ ಹುಡುಕಿದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ ಹೇಳಿದರು, "ಇರ್ಲಿ ಮಾರಾಯ್ತಿ, ಓಡಿಸ್ಬೇಡ. ನಾಳೆ ಎರಡು ಕಾಯಿ ಒಡೆದು ಇಟ್ಟು ನೋಡು."

ಮೂಲೆಯ ಗೋರಿ

ನವೆಂಬರಿನಲ್ಲಿ ಮೃತರ ಸ್ಮರಣೆಯ ದಿನ ಎಲ್ಲರೂ ತಮ್ಮ ತಮ್ಮವರ ಗೋರಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಸ್ಮಶಾನದ ಮೂಲೆಯಲ್ಲೊಂದು ಹಳೇ ಗೋರಿ ಉಂಟು, ವಾರಸುದಾರರಿಲ್ಲದ್ದು. ಸಂಜೆ ಎಲ್ಲರನ್ನೂ ಕಳಿಸಿ ಹೊರಟವಳು ಗೇಟಿನಿಂದ ತಿರುಗಿ ನೋಡಿದರೆ ಅದರ ಮೇಲೆ ಮೂರು ಬತ್ತಿ ಉರಿಯುತ್ತಿದ್ದವು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಸೀದಾ ಎದುರಿನ ಅಂಗಡಿಗೆ ನುಗ್ಗಿ ಅಂಗಡಿಯ ಮುಸ್ಲಿಂ ಬ್ಯಾರಿ ಕಾಕನಿಗೆ ಬೆರಳು ಮಾಡಿ ತೋರಿಸಿದೆ.

ಕಾಕ ತಲೆ ತಗ್ಗಿಸಿದರು. "ಅದು ನಾನು, ಬಾಯಮ್ಮ. ನಾನು ಹಚ್ಚಿದ್ರೆ ಆಗ್ತದಾ?"

ಯಾರೂ ಇಲ್ಲದವರಿಗಾಗಿ ಪ್ರಾರ್ಥಿಸುವುದು ದೊಡ್ಡ ಪುಣ್ಯ ಎಂದು ನನ್ನ ಉಸಿರು ಹದಕ್ಕೆ ಬರುವವರೆಗೆ ವಿವರಿಸಿದೆ. ಕಾಕ ಸಮಾಧಾನವಾಗಿ ಕೇಳಿಸಿಕೊಂಡು, "ಪುಣ್ಯ ಒಳ್ಳೆಯದೇ. ಆದ್ರೆ ಮಾರಿ ಮಿಕ್ಕಿದ ಬತ್ತಿಯನ್ನು ಅಂಗಡಿಯಲ್ಲಿ ಇಟ್ರೆ ಇಲಿ ತಿಂತದೆ, ಅದಕ್ಕೆ" ಎಂದರು.

ಗೋಡೆ ಬದಿಯ ನಾಲ್ಕನೆಯದು

ನಮ್ಮ ವಾರ್ಡಿನ ಒಬ್ಬ ವಿಧವೆ ಕಳೆದ ಅಕ್ಟೋಬರಿನಲ್ಲಿ ಅಳುತ್ತಾ ಬಂದರು. ನಮ್ಮ ಸ್ಮಶಾನ ಚಿಕ್ಕದು. ಶಾಶ್ವತ ಗೋರಿ ಕಟ್ಟಿಸದಿದ್ದರೆ ಕೆಲವು ವರ್ಷಗಳ ನಂತರ ಅದೇ ಜಾಗವನ್ನು ಇನ್ನೊಬ್ಬರಿಗೆ ಅಗೆಯುತ್ತಾರೆ. ಹಳೆಯ ಎಲುಬುಗಳು ಸ್ಮಶಾನದ ಹಿಂಬದಿಯ ಎಲುಬುಗುಂಡಿಗೆ ಹೋಗುತ್ತವೆ. ಈಕೆಯ ಗಂಡನ ಗೋರಿಯ ಸರದಿ ಬಂದಿದೆ ಎಂದು ಪೂಜೆಯ ಕೊನೆಗೆ ಓದಿ ಹೇಳಿದಾಗ ಈಕೆ ಮಗಳ ಬಾಣಂತನಕ್ಕೆ ದುಬೈಯಲ್ಲಿದ್ದರು. ಬಂದ ಮೇಲೆ ಹತ್ತು ತಿಂಗಳು, ಪ್ರತಿ ಭಾನುವಾರ, ಗೋಡೆ ಬದಿಯ ನಾಲ್ಕನೇ ಗೋರಿಯ ಹತ್ತಿರ ಕೂತು ಗಂಡನಿಗಾಗಿ ಜಪಸರ ಮಾಡಿದ್ದಾರೆ. ಮಣ್ಣು ಹೊಸದಾಗಿ ಕಂಡದ್ದಕ್ಕೆ, ಇಗರ್ಜಿಯವರು ಎಷ್ಟು ಚಂದ ನೋಡಿಕೊಳ್ಳುತ್ತಾರೆ ಎಂದು ಖುಷಿಪಟ್ಟಿದ್ದರಂತೆ.

ಆ ದಿನ ಹೋದರೆ ಅಲ್ಲಿ ಫೋಟೋ ಸಮೇತ ಹೊಸ ಕಲ್ಲು. ಫೋಟೋದಲ್ಲಿ ಪಕ್ಕದ ಮನೆಯ ಯಜಮಾನ. ಆ ಮನುಷ್ಯನ ಬಚ್ಚಲ ನೀರು ಇವರ ಬಾವಿಯ ಬದಿಗೆ ಹರಿಯುತ್ತಿತ್ತು, ಆ ಜಗಳದಲ್ಲಿ ಎರಡು ಮನೆಗೂ ಹನ್ನೆರಡು ವರ್ಷ ಮಾತಿಲ್ಲ. ಆತ ಸತ್ತದ್ದು ಈಕೆ ದುಬೈಯಲ್ಲಿದ್ದಾಗ. ಎಲ್ಲಿ ಹೂಳಿದರೆಂದು ಈಕೆ ಕೇಳಿರಲೂ ಇಲ್ಲ.

"ನಮ್ಮವರಿಗಾಗಿ ಮಾಡಿದ ಪ್ರಾರ್ಥನೆ ಎಲ್ಲ ಅವನಿಗೆ ಹೋಯ್ತಾ ಬಾಯಿ? ಇವರು ಅಲ್ಲಿ ಕಾಯ್ತಾ ಇದ್ರೆ?"

ಪ್ರಾರ್ಥನೆ ಹೋಗುವುದು ಗುಂಡಿಗಲ್ಲ, ದೇವರಿಗೆ, ಯಾರ ಹೆಸರಿನಲ್ಲಿ ಕೇಳಿದ್ದೀರೋ ಅವರಿಗೇ ಸಲ್ಲುತ್ತದೆ ಎಂದೆ. ಕೊನೆಯ ದಿನ ಸತ್ತವರನ್ನು ಎಬ್ಬಿಸುವವನಿಗೆ ಯಾರ ಎಲುಬು ಯಾರದ್ದು ಎಂದು ಗೊತ್ತುಂಟು ಎಂದೆ. ಅವರ ಅಳು ನಿಂತಿತು. ಆದರೆ ಏಳಲಿಲ್ಲ.

"ಪ್ರಾರ್ಥನೆ ಸರಿ. ಮಾತು?"

ಜಪ ಮುಗಿದ ಮೇಲೆ ಗಂಡನಿಗೆ ವಾರದ ವರದಿ ಒಪ್ಪಿಸುತ್ತಿದ್ದರಂತೆ. ಹೆಚ್ಚಿನದ್ದು ಪಕ್ಕದ ಮನೆಯದ್ದೇ. ಆ ಮನುಷ್ಯ ಸತ್ತರೂ ಅವನ ಬಚ್ಚಲ ನೀರು ಸಾಯಲಿಲ್ಲ, ಅವನೀಗ ನಿಮ್ಮ ಕಡೆಗೇ ಬಂದಿದ್ದಾನೆ, ಎದುರು ಸಿಕ್ಕಿದರೆ ಮಾತಾಡಬೇಡಿ ಎಂದೆಲ್ಲ ಹೇಳಿದ್ದರು.

ನಾನು ನಗು ತಡೆದುಕೊಂಡೆ. ಆಗ ಅವರು ದನಿ ತಗ್ಗಿಸಿದರು. ಹದಿನೈದು ದಿನದ ಹಿಂದೆ ಆ ಮನೆಯ ಮಗ ಗಲ್ಫಿನಿಂದ ರಜೆಯಲ್ಲಿ ಬಂದವನೇ ಪ್ಲಂಬರನ್ನು ಕರೆಸಿ ಬಚ್ಚಲ ನೀರನ್ನು ಬೇರೆ ಕಡೆಗೆ ತಿರುಗಿಸಿದನಂತೆ. ಬೇಲಿಯ ಆಚೆಯಿಂದ ತಾನಾಗಿ ಹೇಳಿದನಂತೆ, ಮೂರು ಭಾನುವಾರ ಅಪ್ಪ ಕನಸಿನಲ್ಲಿ ಬಂದು ಒಂದೇ ಮಾತು ಹೇಳಿದರು ಎಂದು: "ಆ ನೀರಿಗೆ ಎಂತಾದ್ರೂ ಮಾಡು. ಆ ಹೆಂಗಸು ನನ್ನನ್ನು ಮಲಗ್ಲಿಕ್ಕೆ ಬಿಡುದಿಲ್ಲ."

ಹೊಸ ಕಲ್ಲು ಕಾಣುವವರೆಗೆ ಇದೆಲ್ಲ ಗಂಡನ ಪ್ರಭಾವ ಎಂದು ಈಕೆ ನಂಬಿದ್ದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥದ್ದಕ್ಕೆ ಟ್ರೇನಿಂಗ್ ಕೊಟ್ಟಿರಲಿಲ್ಲ. ಬಾಯಿಗೆ ಬಂದ ಪ್ರಾರ್ಥನೆಯನ್ನು ಒಳಗೊಳಗೇ ಹೇಳಿಕೊಂಡು, ಇನ್ನು ಭಾನುವಾರ ಎಲುಬುಗುಂಡಿಯ ಹತ್ತಿರವೇ ಕೂತುಕೊಳ್ಳಿ, ಅಲ್ಲಿ ನಿಮ್ಮವರೇ ಇದ್ದಾರೆ ಎಂದೆ.

ಅವರು ಕಣ್ಣೊರೆಸಿ ಎದ್ದು ನಿಂತರು.

"ಜಪಕ್ಕೆ ಅಲ್ಲಿಗೇ ಹೋಗ್ತೇನೆ ಬಾಯಿ. ಆದ್ರೆ ಆ ಮನೆಯ ಹಲಸಿನ ಮರದ ಒಂದು ಗೆಲ್ಲು ನಮ್ಮ ಮಾಡಿನ ಹಂಚಿನ ಮೇಲೆ ಬಾಗಿ ಉಂಟು. ನಮ್ಮವರು ಬದುಕಿದ್ದಾಗ ಅವರಿಗೆ ಹೇಳಿ ಆ ಮನೆಯಲ್ಲಿ ಇಷ್ಟು ವರ್ಷ ಒಂದು ಕೆಲಸವೂ ಆಗ್ಲಿಲ್ಲ. ಅದು ಕಡಿಯುವವರೆಗೆ ಮಾತಿಗೆ ನಾನು ಅವನ ಗೋರಿಯ ಹತ್ತಿರವೇ ಕೂತ್ಕೊಳ್ತೇನೆ."