ಪಾದರಸ ಮುಟ್ಟಿದ ಉಂಗುರ

ಸಿಂಧನೂರಿನ ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ದುರುಗಪ್ಪನ ಕೈಜಾರಿ ಅವತ್ತು ಬೆಳಿಗ್ಗೆ ಥರ್ಮಾಮೀಟರ್ ಒಡೆಯಿತು. ಡಾಕ್ಟರು ಬೈದರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನೆಲದ ಮೇಲೆ ಉರುಳಾಡುತ್ತಿದ್ದ ಪಾದರಸ ದುರುಗಪ್ಪನನ್ನು ಬಿಡಲಿಲ್ಲ. ಹೇಳೋಕೆ ಲೋಹ, ಹರಿಯೋದು ನೀರಿನ ಹಾಗೆ. ಮುಟ್ಟಿದರೆ ಕೈ ಮಾತ್ರ ಒದ್ದೆಯಾಗದು. ಬೆರಳು ತಾಕಿಸಿದರೆ ಶಾಲೆ ಬಿಟ್ಟ ಮಕ್ಕಳಂತೆ ಚೆಲ್ಲಾಪಿಲ್ಲಿಯಾಗಿ, ಮರುಗಳಿಗೆಯಲ್ಲಿ ಒಂದಾಗುತ್ತಿತ್ತು. ಅದನ್ನು ಅಂಗೈಯಲ್ಲಿ ತುಂಬಿಕೊಂಡು ಮನಸಾರೆ ಆಡಿದ. ಆಡಿ ಮುಗಿಸಿ ನೋಡುತ್ತಾನೆ, ಬೆರಳಲ್ಲಿದ್ದ ಬಂಗಾರದ ಉಂಗುರ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿದೆ!

ದುರುಗಪ್ಪ ಅದನ್ನು ಅಂಗಿಗೆ ತಿಕ್ಕಿದ, ಬಿಳುಪು ಹೋಗಲಿಲ್ಲ. ಅದು ತುರ್ವಿಹಾಳದ ಮಾವ ತಾಯಪ್ಪ ಮದುವೆಯಲ್ಲಿ ಹಾಕಿದ ಉಂಗುರ. ತಾಯಪ್ಪ ಭತ್ತದ ಮಾತು ಬಿಟ್ಟರೆ ಆ ಉಂಗುರದ ಮಾತೇ ಆಡುವವನು. ಅವತ್ತೇ ಮಗಳನ್ನು ಪಂಚಮಿ ಹಬ್ಬಕ್ಕೆ ಕರೆದೊಯ್ಯಲು ಬರುವವನಿದ್ದ.

ದವಾಖಾನೆಯ ಎದುರು ಚಹಾದಂಗಡಿ ಇಟ್ಟಿದ್ದ ಉಸ್ಮಾನ್‌ಸಾಬ್ ಉಂಗುರವನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇಷ್ಟಕ್ಕ ಯಾಕ ಅಂಜತೀ? ಹುಣಸಿಹಣ್ಣು ಹಚ್ಚಿ ತಿಕ್ಕು. ನನ್ನ ಹಿತ್ತಾಳಿ ತಪೇಲಿ ಹ್ಯಾಂಗ ಹೊಳೀತೈತಿ ನೋಡು.”

ದುರುಗಪ್ಪ ತಿಕ್ಕಿದ. ಉಂಗುರ ಹೊಳೆಯಿತು, ಆದರೆ ಮತ್ತಷ್ಟು ಬೆಳ್ಳಗೆ.

ಅಷ್ಟರಲ್ಲಿ ಕೆಮ್ಮಿನ ಔಷಧಿಗೆಂದು ದುರುಗಪ್ಪನ ಪಕ್ಕದ ಮನೆಯ ಚಾಂದ್‌ಬೀ ಬಂದಳು. “ಅರಿಶಿಣ ಹಚ್ಚೋ ತಮ್ಮಾ. ಹಳದಿ ಬೇಕಂದ್ರ ಹಳದೀನೇ ಹಚ್ಚಬೇಕಲ್ಲ?” ಎಂದಳು. ಅದನ್ನೂ ಹಚ್ಚಿದ್ದಾಯಿತು. ಈಗ ಮೊಣಕೈವರೆಗೆ ಮದುಮಗನಂತೆ ಹಳದಿ, ಉಂಗುರವೊಂದೇ ಬೆಳ್ಳಗೆ.

“ಯಾ ಅಲ್ಲಾ! ಬಂಗಾರ ಬೆಳ್ಳಿ ಆತಲ್ಲೋ!” ಎಂದ ಚಾಂದ್‌ಬೀ ಕೆಮ್ಮನ್ನೂ ಔಷಧಿಯನ್ನೂ ಮರೆತು ಓಣಿಯ ಕಡೆ ಓಡಿದಳು.

ದುರುಗಪ್ಪ ಅಕ್ಕಸಾಲಿಗ ಮೋನಪ್ಪ ಪತ್ತಾರನ ಅಂಗಡಿಗೆ ಓಡಿದ. ಮೋನಪ್ಪ ನಕ್ಕುಬಿಟ್ಟ.

“ಪಾದರಸಕ್ಕ ಬಂಗಾರ ಕಂಡ್ರ ಭಾಳ ಪ್ರೀತಿ, ಹೋಗಿ ಅಪ್ಕೊಂಡು ಬಿಡತೈತಿ. ಕೆಂಡಕ್ಕ ಹಿಡಿದ್ರ ಅದು ಹೊಗಿಯಾಗಿ ಹೋಗತೈತಿ, ಬಂಗಾರ ಬಂಗಾರಾಗೇ ಉಳೀತೈತಿ. ನೀ ಮಾತ್ರ ದೂರ ನಿಂದ್ರು, ಆ ಹೊಗಿ ಕೆಟ್ಟದ್ದು.”

ದುರುಗಪ್ಪನಿಗೆ ಹೋದ ಜೀವ ಬಂತು. ಆದರೆ ಮೋನಪ್ಪ ಅಗ್ಗಿಷ್ಟಿಗೆಯನ್ನು ಅಂಗಳಕ್ಕೆ ತರುವಷ್ಟರಲ್ಲಿ ದುರುಗಪ್ಪನ ಹೆಂಡತಿ ಯಮನೂರಮ್ಮ ಬಿರುಗಾಳಿಯಂತೆ ಬಂದಳು. ಅವಳ ಹಿಂದೆ ಚಾಂದ್‌ಬೀ, ಚಾಂದ್‌ಬೀಯ ಹಿಂದೆ ಅರ್ಧ ಓಣಿ. ಎಲ್ಲರ ಹಿಂದೆ, ಆಗಷ್ಟೇ ಬಸ್ಸಿಳಿದಿದ್ದ ಮಾವ ತಾಯಪ್ಪ.

“ನಮ್ಮಪ್ಪ ಹಾಕಿದ ಬಂಗಾರ ಮಾರಿ ಬೆಳ್ಳೀದು ಹಾಕ್ಕೊಂಡೀರಂತ?”

“ಇದು ಅದೇ ಉಂಗುರ ಐತಿ! ಪಾದರಸ ಮುಟ್ಟೇತಿ, ಅಷ್ಟ. ಈಗ ಕಣ್ಣಾರೆ ನೋಡೀಯಂತ.”

ಯಾಕೋ ತಾಯಪ್ಪ ಮುಂದೆ ಬಂದು, “ಬ್ಯಾಡ ಬಿಡ್ರಿ ಪತ್ತಾರ್ರ, ಹಬ್ಬ ಮುಂದಿಟ್ಕೊಂಡು ಉಂಗುರ ಯಾಕ ಸುಡತೀರಿ?” ಎಂದ. ಮಾವ ಎಷ್ಟು ದೊಡ್ಡ ಮನುಷ್ಯ ಎಂದು ದುರುಗಪ್ಪನ ಕಣ್ಣು ತುಂಬಿ ಬಂತು.

“ಸುಡ್ರಿ! ಖರೇ ಏನೈತಿ ಎಲ್ಲಾರೂ ನೋಡ್ಲಿ,” ಎಂದಳು ಯಮನೂರಮ್ಮ.

ಮೋನಪ್ಪ ಸುಟ್ಟ. ಪಾದರಸ ಹಾರಿಹೋಯಿತು. ಉಂಗುರ ಮಾತ್ರ ಬೆಳ್ಳಗೇ ಉಳಿಯಿತು. ಮೋನಪ್ಪ ಅದನ್ನು ಆರಿಸಿ ಒರೆಗಲ್ಲಿಗೆ ತಿಕ್ಕಿ ಗಂಟಲು ಸರಿಮಾಡಿಕೊಂಡ.

“ಇದು ಬೆಳ್ಳೀರಿ. ಮ್ಯಾಲ ಒಂದೀಟು ಬಂಗಾರದ ನೀರು ಹಾಕಿದ್ರು, ಅಷ್ಟ.”

ದುರುಗಪ್ಪ ಮೆಲ್ಲಗೆ ಮಾವನತ್ತ ತಿರುಗಿದ. ತಾಯಪ್ಪ ರೆಪ್ಪೆ ಕೂಡ ಬಡಿಯದೆ ತಲೆಯ ಪಟಕ ತೆಗೆದು ಕಂಕುಳಲ್ಲಿಟ್ಟುಕೊಂಡು, “ನಾ ಹಾಕಿದ್ದು ಅಪ್ಪಟ ಬಂಗಾರ! ಅದು ಎಲ್ಲಿಗಿ ಹೋತೋ ದೇವರಿಗೇ ಗೊತ್ತು,” ಎಂದು ನಿಟ್ಟುಸಿರುಬಿಟ್ಟ.

“ಅದಕ್ಕ ನೋಡು, ಮುಂಜಾನಿಂದ ಪಾದರಸ ಪಾದರಸ ಅಂತ ಕಥಿ ಕಟ್ಟಾಕತ್ತಿದ್ದ,” ಎಂದ ಉಸ್ಮಾನ್‌ಸಾಬ್. ಅಂಗಡಿ ಮುಚ್ಚಿ ಬಂದಿದ್ದಕ್ಕೂ ಸಾರ್ಥಕವಾಯಿತೆಂಬ ಮುಖ ಅವನದು.

ದುರುಗಪ್ಪ ಆಣೆ ಮಾಡಿದ, ಗಲ್ಲ ಗಲ್ಲ ಬಡಿದುಕೊಂಡ. ಯಾರೂ ನಂಬಲಿಲ್ಲ. ಯಮನೂರಮ್ಮ ಗಂಟು ಕಟ್ಟಿಕೊಂಡು ಹೊರಟೇಬಿಟ್ಟಳು. “ನನ್ನ ಕರಿಯಾಕ ಬರೂ ಮುಂದ ಕೈಯಾಗ ಬಂಗಾರದ ಉಂಗುರ ಇರಬೇಕು. ಇಲ್ಲಾಂದ್ರ ಬರಬ್ಯಾಡ್ರಿ.”

ಬಸ್ಸು ಹೊರಡುವ ಮೊದಲು ತಾಯಪ್ಪ ಅಳಿಯನನ್ನು ಬಸ್ಸಿನ ಹಿಂದಕ್ಕೆ ಕರೆದ. ಅತ್ತಿತ್ತ ನೋಡಿ, ಅಳಿಯನ ಅರಿಶಿಣದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಅಳಿಯಂದ್ರ, ಹಬ್ಬಕ್ಕ ತಪ್ಪದಂಗ ಬರ್ರಿ. ಆದ್ರ ನಿಮಗ ಕೈ ಮುಗೀತೀನಿ, ಆ ಪಾದರಸ ಮಾತ್ರ ನಮ್ಮ ಮನಿಗಿ ತರಬ್ಯಾಡ್ರಿ. ನಿಮ್ಮ ಅತ್ತಿ ಕೊಳ್ಳಾಗಿನ ಸರಾನೂ ಹಿಂಥಾದ್ದೇ ಐತಿ.”

ದುರುಗಪ್ಪ ಬಾಯಿ ತೆರೆಯುವಷ್ಟರಲ್ಲಿ ತಾಯಪ್ಪ ಬಸ್ಸು ಹತ್ತಿಯಾಗಿತ್ತು. ಯಮನೂರಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು.

“ನಮ್ಮಪ್ಪಗ ಮಾಫಿ ಕೇಳಿದ್ರಿಲ್ಲೋ?”

“ಹೂಂ,” ಎಂದ ದುರುಗಪ್ಪ.