ಟ್ರೈಲರು, ಟ್ರಕ್ಕು ಮತ್ತು ಮಾವನ ಗ್ರೈಂಡರು

ನಮ್ಮ ಮನೆಗೆ ಏನೇ ತಂದರೂ ಜೊತೆಗೊಂದು ರಗಳೆ ಪುಕ್ಕಟೆಯಾಗಿ ಬರುತ್ತದೆ. ಆದರೆ ಟ್ರೈಲರಿನ ಜೊತೆ ಬಂದ ರಗಳೆ ನನ್ನನ್ನು ಅರ್ಧ ಮನುಷ್ಯ ಮಾಡಿಬಿಟ್ಟಿತು.

೧. ಖಾಲಿ ತೂಕ

ಈ ಟ್ರೈಲರು ಚಕ್ರದ ಮೇಲಿನ ಪುಟ್ಟ ಮನೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಒಳಗೇ. ಚಿಕ್ಕಂದಿನಿಂದ ನನಗೆ ಇಂಥದ್ದೊಂದರ ಹುಚ್ಚು. ನಮ್ಮ ಪಿಕಪ್ ಟ್ರಕ್ಕು ಇದನ್ನು ಎಳೆಯುತ್ತಾ ಅಂತ ಕೇಳಿದೆ. ಸೇಲ್ಸ್‌ಮನ್ ಬ್ರೋಷರು ತೋರಿಸಿ, ಆರಾಮಾಗಿ ಎಳೆಯುತ್ತೆ ಅಂದ. ನಾವಿರುವ ಕ್ಯಾಂಪ್‌ಬೆಲ್‌ಗೆ ತಂದು ಮನೆ ಮುಂದೆ ನಿಲ್ಲಿಸಿದ ಮೇಲೆ ಗೊತ್ತಾಯಿತು, ಅವನು ತೋರಿಸಿದ್ದು ಖಾಲಿ ತೂಕ. ನೀರಿಲ್ಲ, ಗ್ಯಾಸಿಲ್ಲ, ಪಾತ್ರೆಯಿಲ್ಲ, ಬಟ್ಟೆಯಿಲ್ಲ. ಫೋನ್ ಮಾಡಿ ಜಗಳಕ್ಕೆ ನಿಂತೆ. ಒಳಗೆ ಸಾಮಾನು ತುಂಬ್ತೀನಿ ಅಂತ ನೀವು ಹೇಳಲೇ ಇಲ್ವಲ್ಲ ಅಂದ.

೨. ಬಾಗಿಲ ಸ್ಟಿಕರು

ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಸರ್ವರುಗಳ ಲೋಡು ಲೆಕ್ಕ ಹಾಕುವ ನಾನು, ಟ್ರಕ್ಕಿನ ಬಾಗಿಲಿಗೆ ಅಂಟಿಸಿದ್ದ ಸ್ಟಿಕರನ್ನು ಓದಿರಲಿಲ್ಲ. ಎಳೆಯುವ ಮಿತಿ ಬೇರೆ, ಹೊರುವ ಮಿತಿ ಬೇರೆಯಂತೆ. ಕೂತವರ ತೂಕ, ಸಾಮಾನಿನ ತೂಕ, ಟ್ರೈಲರಿನ ಮೂತಿ ಟ್ರಕ್ಕಿನ ಮೇಲೆ ಒತ್ತುವ ಭಾರ ಎಲ್ಲ ಆ ಹೊರುವ ಮಿತಿಯೊಳಗೇ ಇರಬೇಕು. ನಾನು, ಹೆಂಡತಿ, ಮಗಳು, ಮಂಡ್ಯದಿಂದ ಬಂದಿದ್ದ ಅತ್ತೆ ಮಾವ ಕೂತರೇ ಮಿತಿ ಮುಗಿಯಿತು.

ಇದನ್ನು ಊಟದ ಹೊತ್ತಲ್ಲಿ ಹೇಳಿದ್ದು ನನ್ನ ಗ್ರಹಚಾರ. ಅತ್ತೆ ಎರಡನೇ ಮುದ್ದೆ ಬೇಡ ಅಂದುಬಿಟ್ಟರು. ಹೆಂಡತಿ ಸೌಟು ಕೆಳಗಿಟ್ಟಳು. "ರೀ, ಅಪ್ಪ ಅಮ್ಮ ಊರಿಗೆ ಹೋಗೋದ್ರೊಳಗೆ ಇದರಲ್ಲಿ ಕರ್ಕೊಂಡು ಹೋಗಿ ಸಮುದ್ರ ತೋರಿಸಿ. ಇಲ್ಲಾಂದ್ರೆ ಮಾರಿಬಿಡಿ" ಅಂದಳು. ಸಮಾಧಾನ ಹೇಳುತ್ತಾಳೇನೋ ಅಂತ ಮಗಳ ಮುಖ ನೋಡಿದೆ.

"ಡ್ಯಾಡ್, ಇಟ್ಸ್ ಎ ಶೆಡ್," ಅಂದಳು.

೩. ತೊಡೆಯ ಮೇಲೆ

ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಹೋದೆವು. ಅಕ್ಕಿ ಮೂಟೆ, ಸ್ಟೀಲ್ ಪಾತ್ರೆ, ಕಬ್ಬಿಣದ ಕಾವಲಿ, ಇಡ್ಲಿ ಹಿಟ್ಟು ರುಬ್ಬುವ ಕಲ್ಲಿನ ಗ್ರೈಂಡರು ಎಲ್ಲ ಟ್ರೈಲರಿನಲ್ಲಿದ್ದವು. ತೂಕ ಜಾಸ್ತಿ ಬಂತು. ಗ್ರೈಂಡರಾದರೂ ಇಳಿಸೋಣ ಮಾವ ಅಂದೆ. ಅವರು ಅದನ್ನು ಹೊತ್ತು ತಂದು, ಟ್ರಕ್ಕಿನ ಹಿಂದಿನ ಸೀಟಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತು, ಈಗ ಹಾಕಿಸಿ ಅಂದರು. ಒಟ್ಟು ತೂಕ ಅಷ್ಟೇ ಬಂತು. ತೊಡೆಯ ಮೇಲಿದ್ದರೂ ಲೆಕ್ಕಕ್ಕೆ ಬರುತ್ತೆ ಅಂತ ಬಿಡಿಸಿ ಹೇಳಿದೆ. ಅವರು ಒಪ್ಪಲಿಲ್ಲ.

"ಕೈಗೂಸು ತೊಡೆ ಮೇಲೆ ಕೂತ್ರೆ ಬಸ್ಸಲ್ಲಿ ಟಿಕೆಟ್ ಕೇಳ್ತಾರಾ ಅಳಿಯಂದ್ರೇ?"

೪. ಪಾಸಾದ ದಿನ

ಅತ್ತೆ ಮಾವ ಹೊರಡುವ ವಾರ. ಇದೇ ಕೊನೆಯ ಅವಕಾಶ. ಸಾಮಾನೆಲ್ಲ ಹೆಂಡತಿಯ ಮಿನಿವ್ಯಾನಿಗೆ ಹಾಕಿಸಿದೆ. ಅತ್ತೆ, ಮಗಳು ಅದರಲ್ಲೇ. ಟ್ರಕ್ಕಿನಲ್ಲಿ ನಾನು, ಮಾವ. ಟ್ರೈಲರು ಖಾಲಿ. ವೇಬ್ರಿಡ್ಜಿನಲ್ಲಿ ತೂಕ ಮಿತಿಯೊಳಗೇ ಬಂತು. ಒಳಗೆ ಸಾಲಿನಲ್ಲಿ ನಿಂತು ತೂಕದ ಚೀಟಿ ಈಸಿಕೊಳ್ಳುವಾಗ ನನಗೆ ಕಣ್ಣಲ್ಲಿ ನೀರು ಬಂತು.

ಲಾಸ್ ಗ್ಯಾಟೋಸ್ ಊರು ದಾಟಿ ಸಮುದ್ರದ ಕಡೆಯ ಘಾಟಿ ಹತ್ತುವಾಗ ಟ್ರಕ್ಕು ನರಳತೊಡಗಿತು. ಹಿಂಭಾಗ ಕುಸಿದು ಮೂತಿ ಮೇಲಕ್ಕೆದ್ದಿತ್ತು. ಹಿಂದಿನಿಂದ ಹಾರ್ನೋ ಹಾರ್ನು. ಅಷ್ಟರಲ್ಲಿ ಎಂಜಿನ್ನು ಕಾದು ದೀಪ ಹತ್ತಿಕೊಂಡಿತು. ಪಕ್ಕಕ್ಕೆ ನಿಲ್ಲಿಸಿ ಟ್ರೈಲರಿನ ಬಾಗಿಲು ತೆಗೆದೆ. ಅಕ್ಕಿ, ಪಾತ್ರೆ, ಕಾವಲಿ, ಉಪ್ಪಿನಕಾಯಿ ಭರಣಿ, ನಡುವೆ ಗ್ರೈಂಡರು. ವೇಬ್ರಿಡ್ಜಿನಲ್ಲಿ ನಲ್ಲಿ ಕಂಡಿತು ಅಂತ ನೀರಿನ ಟ್ಯಾಂಕೂ ಭರ್ತಿ. ನಾನು ಚೀಟಿ ತರುವಷ್ಟರಲ್ಲಿ, ಹೆಂಡತಿ, ಮಗಳು ಕಾಫಿಗೆ ಹೋಗಿದ್ದಾಗ, ಅತ್ತೆ ಮಾವ ವ್ಯಾನಿನಿಂದ ಎಲ್ಲ ಸಾಗಿಸಿದ್ದರು. ಮಾವನ ಮುಖದಲ್ಲಿ ಗೆದ್ದ ಕಳೆ.

"ಏರ್‌ಪೋರ್ಟಲ್ಲೂ ಹಂಗೇ ಅಲ್ವಾ? ತೂಕ ಆಗೋವರ್ಗೂ ಆಚೆ ಇಟ್ಕೊಂಡು, ಆಮೇಲೆ ಒಳಕ್ಕೆ ತುಂಬ್ಕೊಳ್ಳೋದು."

ನಾನು ಅಲ್ಲೇ ಟ್ರೈಲರಿನ ಮೆಟ್ಟಿಲ ಮೇಲೆ ಕೂತೆ. ಹಿಂದೆ ಬಂದ ಹೆಂಡತಿ ನನ್ನನ್ನೂ ಗ್ರೈಂಡರನ್ನೂ ನೋಡಿದಳು. ಇವತ್ತೇ ಮಾರಾಟಕ್ಕೆ ಹಾಕ್ತೀನಿ ಅಂತ ಹೇಳಿ, ಸಮುದ್ರ ತೋರಿಸಲು ಎಲ್ಲರನ್ನೂ ವ್ಯಾನಿಗೆ ಹತ್ತಿಸಿದಳು. ಕೆಟ್ಟ ಗಾಡಿ ಎಳೆದೊಯ್ಯುವ ಟೋ ಟ್ರಕ್ಕು ಬರುವವರೆಗೆ ನಾನೊಬ್ಬನೇ ಕಾಯಬೇಕಿತ್ತು. ವ್ಯಾನು ಹೊರಡುವ ಮೊದಲು ಮಾವ ಇಳಿದು ಬಂದರು. ಡ್ಯಾಶ್‌ಬೋರ್ಡಿನ ಮೇಲಿದ್ದ ತೂಕದ ಚೀಟಿ ತೆಗೆದು ನನ್ನ ಜೇಬಿಗೆ ತುರುಕಿ, ಬೆನ್ನು ತಟ್ಟಿದರು.

"ಯಾರಾದ್ರೂ ಕೇಳಿದ್ರೆ ಇದನ್ನ ತೋರ್ಸಿ ಅಳಿಯಂದ್ರೇ. ನಾವು ಪಾಸಾಗಿದ್ದೀವಿ."